ಮೊಳದುದ್ದದ ಬೇಸ್, ರಬ್ಬರಿನ ತಂತಿ

ಬಸ್ಸಿನಲ್ಲಿ ಸಿನಿಮಾ ಹಾಡು ಜೋರಾಗಿ ಹಾಕಿದಾಗ ಕಿಟಕಿಯ ಗಾಜು ನಡುಗುವುದನ್ನು ನಾವೆಲ್ಲ ನೋಡಿದ್ದೇವೆ. ಹಾಡುಗಾರರ ದನಿಗೆ ಗಾಜು ಅಷ್ಟಾಗಿ ನಡುಗುವುದಿಲ್ಲ. ಅದನ್ನು ನಡುಗಿಸುವುದು ರಾಗದ ಕೆಳಗೆ ಓಡುವ ತಗ್ಗಿನ ಸ್ವರ. ಇದಕ್ಕೆ ಬೇಸ್ ಅನ್ನುತ್ತಾರೆ. ಪಶ್ಚಿಮದ ಸಂಗೀತದಲ್ಲಿ ಈ ಸ್ವರ ಬಹುಕಾಲ ಆಳೆತ್ತರದ ವಾದ್ಯದಿಂದಲೇ ಬರಬೇಕಿತ್ತು. 1980ರ ದಶಕದ ನಡುವೆ ಬ್ರಿಟನ್ನಿನ ಇಬ್ಬರು ಅದನ್ನು ಒಂದು ಮೊಳದ ರಬ್ಬರ್ ತಂತಿಯಿಂದ ಹೊರಡಿಸಿದರು. ಆ ವಾದ್ಯದ ಹೆಸರು ಆಶ್‌ಬೊರಿ. ಅದು ಹೇಗೆ ಬಂತು, ಅದನ್ನು ಇಟ್ಟುಕೊಂಡವರು ಯಾವ ಕಷ್ಟ ಪಟ್ಟರು ಎಂಬುದನ್ನು ಇಲ್ಲಿ ಹೇಳುತ್ತೇವೆ.

ಮೊದಲು ದೊಡ್ಡದರಿಂದ ಶುರು ಮಾಡೋಣ. ಡಬಲ್ ಬೇಸ್ ಎಂಬ ವಾದ್ಯ ಪಿಟೀಲಿನ ದೊಡ್ಡಣ್ಣನ ಹಾಗೆ. ನೆಲಕ್ಕೆ ಊರಿ ನಿಲ್ಲಿಸಿದರೆ ಸುಮಾರು ಆರಡಿ, ಎಂದರೆ ಒಂದು ಮಾರು. ನುಡಿಯುವ ತಂತಿಯ ಉದ್ದವೇ ಸುಮಾರು 42 ಇಂಚು. ಹಿಂದೆ ಇದಕ್ಕೆ ಕುರಿಯ ಕರುಳಿನಿಂದ ಹೊಸೆದ ತಂತಿ ಹಾಕುತ್ತಿದ್ದರು. ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಅಷ್ಟು ನಿಧಾನದ ಅದುರು ಕಿವಿಗೆ ಕೇಳಬೇಕಾದರೆ ತುಂಬಾ ಗಾಳಿ ಅಲುಗಬೇಕು. ಮರದ ದೊಡ್ಡ ಹೊಟ್ಟೆ ಇರುವುದು ಅದಕ್ಕೇ. ರೈಲು ಹತ್ತಿಸುವುದು, ಮಹಡಿಗೆ ಏರಿಸುವುದು, ಕಾರಿಗೆ ತುರುಕುವುದು ಎಲ್ಲವೂ ನುಡಿಸುವವನ ಪಾಡು.

ಈ ಭಾರ ಇಳಿಸಲು ಅಮೆರಿಕದ ಸಿಯಾಟಲ್ ನಗರದ ಪಾಲ್ ಟುಟ್‌ಮಾರ್ಕ್ 1930ರ ದಶಕದಲ್ಲೇ ಗಿಟಾರಿನ ಹಾಗೆ ಅಡ್ಡ ಹಿಡಿದು ನುಡಿಸುವ ವಿದ್ಯುತ್ ಬೇಸ್ ಮಾಡಿದ್ದರು. ಆದರೆ ಅದು ಹೆಚ್ಚು ಮಾರಾಟವಾಗಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ತಂದ ಪ್ರಿಸಿಷನ್ ಬೇಸ್ ಲೋಕವನ್ನೇ ಗೆದ್ದಿತು. ಮರದ ಹೊಟ್ಟೆ ಮಾಡುತ್ತಿದ್ದ ಕೆಲಸವನ್ನು ಆಂಪ್ಲಿಫೈಯರ್ ವಹಿಸಿಕೊಂಡಿತು. ತಂತಿಯ ಉದ್ದ 34 ಇಂಚಿಗೆ ಇಳಿಯಿತು. ಹೊಟ್ಟೆ ಹೋಯಿತು, ಆದರೆ ಉದ್ದ ಇನ್ನೂ ಎರಡು ಮೊಳದ ಹತ್ತಿರವೇ ಉಳಿಯಿತು.

ಉದ್ದವನ್ನು ಇನ್ನಷ್ಟು ಇಳಿಸಲು ಏನು ಅಡ್ಡಿ? ತಂತಿಯ ಲೆಕ್ಕ ಸರಳ. ಉದ್ದ ಅರ್ಧ ಮಾಡಿದರೆ ಅದುರುವ ವೇಗ ಎರಡರಷ್ಟಾಗಿ ಸ್ವರ ಮೇಲೇರುತ್ತದೆ. ಅದನ್ನು ಮತ್ತೆ ಕೆಳಗಿಳಿಸಲು ಎರಡು ದಾರಿ ಇವೆ. ಒಂದು, ತಂತಿಯನ್ನು ಸಡಿಲ ಬಿಡುವುದು. ಇನ್ನೊಂದು, ದಪ್ಪ ತಂತಿ ಹಾಕುವುದು. ತಂಬೂರಿ ನೋಡಿದವರಿಗೆ ಇದು ಗೊತ್ತು. ಅದರಲ್ಲಿ ಮಂದ್ರದ ತಂತಿಯೇ ಎಲ್ಲಕ್ಕಿಂತ ದಪ್ಪ.

ಉಕ್ಕಿನ ತಂತಿಗೆ ಈ ಎರಡೂ ದಾರಿ ಬೇಗ ಮುಗಿದುಹೋಗುತ್ತವೆ. ಅರ್ಧ ಉದ್ದದಲ್ಲಿ ಹಳೆಯ ಸ್ವರವೇ ಬೇಕೆಂದರೆ ಬಿಗಿಯನ್ನು ಕಾಲು ಭಾಗಕ್ಕೆ ಇಳಿಸಬೇಕು. ಆಗ ತಂತಿ ಬಟ್ಟೆ ಒಣಗಿಸುವ ಹಗ್ಗದಂತೆ ಜೋತು ಮರಕ್ಕೆ ಬಡಿಯುತ್ತದೆ. ತೀರಾ ದಪ್ಪ ಮಾಡಿದರೆ ಅದು ತಂತಿಯಂತೆ ಬಾಗದೆ ಸರಳಿನಂತೆ ಸೆಟೆದು, ಸ್ವರ ಬೆರಕೆಯಾಗುತ್ತದೆ. ದಪ್ಪವೂ ಇರಬೇಕು, ಮೆತ್ತಗೂ ಇರಬೇಕು, ಕಡಿಮೆ ಬಿಗಿಯಲ್ಲೂ ನುಡಿಯಬೇಕು. ಹಾಗಿರುವುದು ರಬ್ಬರ್.

ಆಲನ್ ಆಶ್‌ವರ್ತ್-ಜೋನ್ಸ್ ಮತ್ತು ನೈಜಲ್ ಥಾರ್ನ್‌ಬರಿ ಹಿಡಿದದ್ದು ಈ ದಾರಿಯನ್ನೇ. ಇಬ್ಬರ ಹೆಸರಿನ ತುಂಡುಗಳನ್ನು ಜೋಡಿಸಿ ವಾದ್ಯಕ್ಕೆ ಹೆಸರಿಟ್ಟರು. ತಂತಿ ಸಿಲಿಕೋನ್ ರಬ್ಬರಿನದು. ನುಡಿಯುವ ಉದ್ದ 18 ಇಂಚು, ನಮ್ಮ ಲೆಕ್ಕದಲ್ಲಿ ಸರಿಯಾಗಿ ಒಂದು ಮೊಳ. ಆದರೂ ಡಬಲ್ ಬೇಸಿನ ಅದೇ ನಾಲ್ಕು ಸ್ವರಗಳಿಗೆ ಶ್ರುತಿ ಮಾಡಬಹುದು.

ಒಂದು ತೊಡಕು ಉಳಿಯಿತು. ವಿದ್ಯುತ್ ಗಿಟಾರಿನಲ್ಲಿ ತಂತಿಯ ಅದುರನ್ನು ಹಿಡಿಯುವುದು ಅಯಸ್ಕಾಂತ. ರಬ್ಬರಿಗೂ ಅಯಸ್ಕಾಂತಕ್ಕೂ ಏನೂ ಸಂಬಂಧವಿಲ್ಲ. ಅದಕ್ಕಾಗಿ ತಂತಿ ಕೂರುವ ಕುದುರೆಯ ಕೆಳಗೆ ಪೀಜೋ ಪಿಕಪ್ ಇಟ್ಟರು. ಒತ್ತಡ ಬಿದ್ದರೆ ಕೆಲವು ಹರಳುಗಳಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕಂಡುಕೊಂಡಿದ್ದರು. ನಮ್ಮ ಅಡುಗೆಮನೆಯಲ್ಲಿ ಟಿಕ್ ಎಂದು ಕಿಡಿ ಹಾರಿಸುವ ಗ್ಯಾಸ್ ಲೈಟರ್ ಕೂಡ ಕೆಲಸ ಮಾಡುವುದು ಇದೇ ಗುಣದಿಂದ.

ಅಮೆರಿಕದ ಗಿಲ್ಡ್ ಕಂಪನಿ 1986ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಕಣ್ಣಿಗೆ ಮಕ್ಕಳ ಆಟಿಕೆ. ಆಂಪ್ಲಿಫೈಯರಿಗೆ ಜೋಡಿಸಿದರೆ ಹೊರಡುವುದು ಆಳೆತ್ತರದ ಡಬಲ್ ಬೇಸನ್ನು ಬೆರಳಿನಿಂದ ಮೀಟಿದಂಥ ದುಂಡು ದನಿ. ಯಾರಾದರೂ ನುಡಿಸಿದ್ದನ್ನು ಫೋನಿನಲ್ಲಿ ಕೇಳುವುದಾದರೆ ಇಯರ್‌ಫೋನ್ ಹಾಕಿಕೊಳ್ಳಿ. ಅಷ್ಟು ತಗ್ಗಿನ ಸ್ವರವನ್ನು ಹೊರಡಿಸುವ ಶಕ್ತಿ ಫೋನಿನ ಪುಟ್ಟ ಸ್ಪೀಕರಿಗೆ ಇಲ್ಲ.

ನುಡಿಸುವುದು ಮಾತ್ರ ಸುಲಭವಲ್ಲ. ಬೆರಳು ರಬ್ಬರಿಗೆ ಅಂಟಿಕೊಳ್ಳುತ್ತದೆ, ಜಾರುವುದಿಲ್ಲ. ಕೇರಂ ಬೋರ್ಡಿಗೆ ಪೌಡರ್ ಉದುರಿಸುವ ಹಾಗೆ ಇಲ್ಲಿ ಬೆರಳಿಗೆ ಟಾಲ್ಕಂ ಪೌಡರ್ ಹಚ್ಚಿಕೊಳ್ಳಬೇಕು. ವೀಣೆಯಲ್ಲಿರುವಂಥ ಮೆಟ್ಟಿಲುಗಳಿಲ್ಲ, ಗೆರೆಗಳು ಮಾತ್ರ. ಚಿಕ್ಕ ವಾದ್ಯದಲ್ಲಿ ಬೆರಳು ಕೂದಲೆಳೆಯಷ್ಟು ಸರಿದರೂ ಸ್ವರ ತಪ್ಪುತ್ತದೆ. ಹೊಸ ತಂತಿ ಹಾಕಿದರೆ ಅದು ಹಿಗ್ಗುತ್ತಲೇ ಇರುತ್ತದೆ. ಬಿರಡೆ ತಿರುಗಿಸಿ ಶ್ರುತಿ ಮಾಡಿದಷ್ಟೂ ಮತ್ತೆ ಇಳಿಯುತ್ತದೆ. ಅದು ತಾನಾಗಿ ನಿಲ್ಲುವವರೆಗೆ ತಾಳ್ಮೆ ಬೇಕು. ಉಗುರಿನ ಗೀರು ಬಿದ್ದರೆ ತಂತಿಯ ಕಥೆ ಮುಗಿಯಿತು.

ವಾದ್ಯದ ನಿಜವಾದ ಕಷ್ಟ ಇಲ್ಲೇ ಶುರುವಾಗುವುದು. ಸಾಮಾನ್ಯ ಬೇಸಿನ ಉಕ್ಕಿನ ತಂತಿ ಹತ್ತಾರು ಕಂಪನಿಗಳಿಂದ ಬರುತ್ತದೆ. ಆಶ್‌ಬೊರಿಗೆ ಬೇಕಾದ ರಬ್ಬರ್ ತಂತಿ ಆ ವಾದ್ಯಕ್ಕೆಂದೇ ಮಾಡಿದ್ದು. ಗಿಲ್ಡ್ ಆ ದಶಕ ಮುಗಿಯುವ ಹೊತ್ತಿಗೆ ವಾದ್ಯ ಮಾಡುವುದನ್ನು ನಿಲ್ಲಿಸಿತು. 1995ರಲ್ಲಿ ಫೆಂಡರ್ ಕಂಪನಿ ಗಿಲ್ಡನ್ನು ಕೊಂಡಿತು. 1990ರ ದಶಕದ ಕೊನೆಗೆ ಡಿಆರ್ಮಂಡ್ ಎಂಬ ಹೆಸರಿನಲ್ಲಿ ಆಶ್‌ಬೊರಿ ಮತ್ತೆ ಬಂತು, ಕೆಲವು ವರ್ಷಗಳ ಬಳಿಕ ಅದೂ ನಿಂತಿತು. ಮರ ಹಾಳಾಗಿಲ್ಲ, ಪಿಕಪ್ ಕೆಟ್ಟಿಲ್ಲ, ನುಡಿಸುವ ಕೈಯೂ ಇದೆ. ತಂತಿ ಇಲ್ಲದಿದ್ದರೆ ಅಷ್ಟೂ ಇದ್ದು ವಾದ್ಯ ಮೂಕ.

ಅದಕ್ಕೆ ಉಸಿರು ಬಂದದ್ದು ಇನ್ನೊಂದು ಕಡೆಯಿಂದ. 2009ರ ಸುಮಾರಿಗೆ ಓವೆನ್ ಹೋಲ್ಟ್ ಅವರ ವಿನ್ಯಾಸದಲ್ಲಿ ಕಾಲಾ ಕಂಪನಿ ಯೂ-ಬೇಸ್ ಎಂಬ ವಾದ್ಯ ತಂದಿತು. ನಾಲ್ಕು ತಂತಿಯ ಪುಟ್ಟ ಗಿಟಾರಾದ ಉಕುಲೇಲೆಯ ಆಕಾರ, ಅದರ ಮೇಲೆ ರಬ್ಬರಿನಂಥ ಪಾಲಿಯುರೆಥೇನ್ ತಂತಿ. ಇದು ಜನಕ್ಕೆ ಹಿಡಿಸಿತು. ಜನ ಕೊಂಡಂತೆ ತಂತಿ ಮಾಡುವವರೂ ಹೆಚ್ಚಿದರು. ಆ ತಂತಿಗಳನ್ನು ಹಳೆಯ ಆಶ್‌ಬೊರಿಗೆ ಹಾಕಿಕೊಂಡು ನುಡಿಸುವವರಿದ್ದಾರೆ.

ಇದರಿಂದ ನಮಗೆ ತೋರುವುದು ಇಷ್ಟು. ವಾದ್ಯವೊಂದು ಬಾಳಲು ಅದನ್ನು ಕಂಡುಹಿಡಿದವರ ಜಾಣತನ ಒಂದೇ ಸಾಲದು. ಸವೆಯುವ ಭಾಗವನ್ನು ಎಷ್ಟು ಕೈಗಳು ಮಾಡಬಲ್ಲವು ಎಂಬುದೂ ಅದರ ಆಯುಸ್ಸನ್ನು ಗೊತ್ತುಮಾಡುತ್ತದೆ. ತತ್ವಪದ ಹಾಡುವವರ ಏಕತಾರಿ ಇಷ್ಟು ಕಾಲ ಬಾಳಿದ್ದರಲ್ಲಿ ಇದರ ಪಾಲೂ ಇದೆ. ತಂತಿ ತುಂಡಾದರೆ ಬೇರೊಂದನ್ನು ಬಿಗಿದು ಅದೇ ರಾತ್ರಿ ಭಜನೆ ಮುಂದುವರಿಸಬಹುದು. ಆಶ್‌ಬೊರಿಯಂಥ ಅಪರೂಪದ ವಾದ್ಯ ಕೊಳ್ಳಬೇಕೆಂದಿದ್ದವರು ಅದರ ಬೆಲೆ ಕೇಳುವ ಮೊದಲು, ತಂತಿ ಎಲ್ಲಿ ಸಿಗುತ್ತದೆ ಎಂದು ಕೇಳುವುದು ಒಳ್ಳೆಯದು.