ಜೋಳಿಗೆಯ ಕೂಸು, ಅಂಗಳದ ಮಗು

ನಮ್ಮ ಕಾಯ್ದೆಗಳಿಗೆ ಬಹುಕಾಲ ‘ಆರು ವರ್ಷದೊಳಗಿನ ಮಗು’ ಎಂಬ ಒಂದೇ ಮಗು ಗೊತ್ತಿತ್ತು. ಹಳಿಯಾಳ, ಮುಂಡಗೋಡ ಸೀಮೆಯ ಗದ್ದೆಯ ಬದುವಿನಲ್ಲಿ ನಿಂತವರಿಗೆ ಎರಡು ಮಕ್ಕಳು ಕಾಣುತ್ತಿದ್ದವು. ಒಂದು, ಮರದ ಕೊಂಬೆಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಮಲಗಿದ ಹಸುಗೂಸು. ಇನ್ನೊಂದು, ಈಗಷ್ಟೇ ನಡೆಯಲು ಕಲಿತು ಹಳ್ಳದತ್ತ ಹೊರಟ ಮಗು.

ಹಸುಗೂಸಿಗೆ ಬೇಕಾದುದು ತಾಯಿಯ ಸಾಮೀಪ್ಯ. ಆರು ತಿಂಗಳವರೆಗೆ ಎದೆಹಾಲೇ ಅದರ ಆಹಾರ. ನಾಟಿಯ ನಡುವೆ ತಾಯಿ ಬದುವಿಗೆ ಬಂದು ಹಾಲೂಡಿಸಿ ಹೋಗಬಲ್ಲಳು. ವರ್ಷ ದಾಟಿದ ಮಗು ಜೋಳಿಗೆಯಲ್ಲಿ ನಿಲ್ಲದು. ಅದರದು ಪುಟ್ಟ ಹೊಟ್ಟೆ. ದಿನಕ್ಕೆ ನಾಲ್ಕೈದು ಬಾರಿ ಮೆತ್ತನೆಯ ಊಟ ಬೇಕು. ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಅದನ್ನು ಮಾತಾಡಿಸುವವರು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ರೆಪ್ಪೆ ಮಿಟುಕಿಸದೆ ಕಾಯುವ ಕಣ್ಣು ಬೇಕು. ಆ ಕಣ್ಣು ಸಾಮಾನ್ಯವಾಗಿ ಅಕ್ಕನದು. ಮಳೆಗಾಲದ ಹಾಜರಿ ಪುಸ್ತಕದಲ್ಲಿ ಗೈರುಹಾಜರಾದ ಹುಡುಗಿಯರನ್ನು ಆಮೇಲೆ ಕೇಳಿದರೆ ಒಂದೇ ಉತ್ತರ: “ತಮ್ಮನ್ನ ನೋಡ್ಕೊಳ್ಳಾಕ ಯಾರೂ ಇರಲಿಲ್ರಿ.”

1948ರ ಕಾರ್ಖಾನೆ ಕಾಯ್ದೆಯು ಐವತ್ತಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿದ್ದ ಕಡೆ ಶಿಶುವಿಹಾರ ಇರಬೇಕೆಂದಿತು. 1976ರಲ್ಲಿ ಆ ಮಿತಿ ಮೂವತ್ತಕ್ಕಿಳಿಯಿತು. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ಕಾಗದ ಕಾರ್ಖಾನೆಗೆ ಬಿದಿರು ಬರುತ್ತಿದ್ದುದು ಕಾಡಿನಿಂದ. ಕಾಡು ಕಾರ್ಖಾನೆಯಲ್ಲವಷ್ಟೆ! ಅಲ್ಲಿ ದುಡಿಯುವ ತಾಯಂದಿರ ಕೂಸುಗಳು ಆ ಲೆಕ್ಕಕ್ಕೆ ಬರಲಿಲ್ಲ.

1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ನಮ್ಮ ರಾಜ್ಯದ ಪಾಲಿಗೆ ಬಂದುದು ಟಿ. ನರಸೀಪುರ. ಕ್ರಮೇಣ ಅಂಗನವಾಡಿ ನಮ್ಮ ಸೀಮೆಗೂ ತಲುಪಿತು. ಅದರ ಉಪಕಾರವನ್ನು ಮರೆಯಲಾಗದು. ಆದರೆ ಅಲ್ಲಿ ಕುಳಿತು ಹಾಡು ಕಲಿಯುವುದು ಮೂರು ದಾಟಿದ ಮಕ್ಕಳು. ಅದಕ್ಕಿಂತ ಚಿಕ್ಕವರ ಪಾಲಿನ ಆಹಾರವನ್ನು ತಾಯಿ ಮನೆಗೆ ಒಯ್ಯುತ್ತಾಳೆ. ಆಹಾರ ಮನೆಗೆ ಬಂದೀತು, ಉಣಿಸುವ ಕೈ ಗದ್ದೆಯಲ್ಲಿರುತ್ತದೆ. ಜೋಯಿಡಾದ ಕಾಡಿನಲ್ಲಿ ಚದುರಿದ ಕುಣಬಿ ಮನೆಗಳಿಂದ ಮೂರು ವರ್ಷದ ಮಗುವನ್ನು ಅಂಗನವಾಡಿಗೆ ನಡೆಸಿಕೊಂಡು ಹೋಗುವುದೂ ಸುಲಭವಲ್ಲ.

2005ರ ಉದ್ಯೋಗ ಖಾತರಿ ಕಾಯ್ದೆ, ಕೆಲಸದ ಸ್ಥಳದಲ್ಲಿ ಐದು ಅಥವಾ ಹೆಚ್ಚು ಮಕ್ಕಳಿದ್ದರೆ ಒಬ್ಬಾಕೆಗೆ ಕೂಲಿ ಕೊಟ್ಟು ಅವರನ್ನು ನೋಡಿಕೊಳ್ಳಲು ನೇಮಿಸಬೇಕೆಂದಿತು. ಮತ್ತೆ ಅದೇ ಆರು ವರ್ಷದೊಳಗಿನ ಮಗು! 2017ರ ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೇರಿ, ಎದೆಹಾಲಿನ ಆರು ತಿಂಗಳಿಗೆ ಸರಿಹೊಂದಿತು. ರಜೆ ಮುಗಿಯುವ ಹೊತ್ತಿಗೆ ಅಂಬೆಗಾಲಿನ ಕಾಲ ಹತ್ತಿರವಾಗಿರುತ್ತದೆ. ಗದ್ದೆಯ ಕೂಲಿಯವಳಿಗೆ ಆ ರಜೆಯೂ ಇಲ್ಲ.

2023ರ ಮುಂಗಡಪತ್ರದಲ್ಲಿ ರಾಜ್ಯ ಸರಕಾರ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಯನ್ನು ಪ್ರಕಟಿಸಿದಾಗ, ಮೂರು ವರ್ಷದೊಳಗಿನ ಮಗುವಿಗೆಂದೇ ಒಂದು ಸೂರು ದೊರೆಯಿತು. ಹೆಸರೂ ಚೆನ್ನಾಗಿದೆ. ಆ ಮನೆಯೊಳಗೂ ಮಲಗುವ ಕೂಸಿಗೆ ಒಂದು ಮೂಲೆ, ತಪ್ಪುಹೆಜ್ಜೆಯ ಮಗುವಿಗೆ ಬೇಲಿಯಿರುವ ಅಂಗಳ ಬೇರೆಬೇರೆಯಾಗಿ ಇರಬೇಕೆಂದು ನನ್ನ ಅಭಿಪ್ರಾಯ. ಒಂದೇ ಕೋಣೆಯಲ್ಲಿ ಇಬ್ಬರನ್ನೂ ಬಿಟ್ಟರೆ, ಒಂದರ ನಿದ್ದೆ ಇನ್ನೊಂದರ ಓಟಕ್ಕೆ ಬಲಿಯಾಗುತ್ತದೆ.