ತೆರೆಯ ಪಕ್ಕದಲ್ಲಿ ನಿಂತವನು

ನಮ್ಮ ರಾಜ್ಯೋತ್ಸವದ ಸಮಾರಂಭಗಳಲ್ಲಿ ಮೈಕು ಹಿಡಿದ ನಿರೂಪಕರು “ಇನ್ನೂ ಸ್ವಲ್ಪ ಜೋರಾಗಿ ಚಪ್ಪಾಳೆ!” ಎಂದು ಕೇಳಿಕೊಳ್ಳುವುದುಂಟು. ಹಿಂದಿನ ಸಾಲಿನಲ್ಲಿ ಮಾತಾಡುತ್ತ ಕುಳಿತವರೂ ಆಗ ಕೈ ತಟ್ಟುತ್ತಾರೆ. ಇದೇನೋ ಟೆಲಿವಿಷನ್ ಬಂದ ಮೇಲಿನ ಹೊಸ ಸಂಪ್ರದಾಯವೆಂದು ಹಲವರು ಮೂಗು ಮುರಿಯುತ್ತಾರೆ. ಆದರೆ ನಾವು ಬಂದು ನೆಲಸಿರುವ ಈ ಊರಿನಲ್ಲೇ ಆ ಕಸುಬಿಗೆ ಒಂದು ಶತಮಾನದ ಹಿಂದಿನ ಇತಿಹಾಸವಿದೆ.

ಮೌಂಟ್ ರೋಡಿನ ಅಂಚೆ ಕಚೇರಿಯ ಆವರಣದಲ್ಲಿ, ಬಹುಕಾಲ ಅಂಚೆಚೀಟಿ ಸಂಗ್ರಾಹಕರ ಫಿಲಾಟೆಲಿಕ್ ಬ್ಯೂರೋ ಆಗಿ ಬಳಕೆಯಾದ ಹಳೆಯ ಕಟ್ಟಡವೊಂದಿದೆ. 1913ರಲ್ಲಿ ವಾರ್ವಿಕ್ ಮೇಜರ್ ಎಂಬ ಆಂಗ್ಲನು ಕಟ್ಟಿಸಿದ ಎಲೆಕ್ಟ್ರಿಕ್ ಥಿಯೇಟರ್ ಅದು. ಅಲ್ಲಿಗೆ ಹೆಚ್ಚಾಗಿ ಬರುತ್ತಿದ್ದವರು ಬಿಳಿಯರು. ತೆರೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಅವರು ಓದಿಕೊಳ್ಳುತ್ತಿದ್ದರು. ರಘುಪತಿ ವೆಂಕಯ್ಯನವರು ಮೌಂಟ್ ರೋಡಿನ ಬಳಿ ಗೇಯಿಟಿಯನ್ನೂ, ಅನಂತರ ಮಿಂಟ್ ಬೀದಿಯಲ್ಲಿ ಕ್ರೌನ್, ಪುರಸವಾಕ್ಕದಲ್ಲಿ ಗ್ಲೋಬ್ ಚಿತ್ರಮಂದಿರಗಳನ್ನೂ ಕಟ್ಟಿಸಿದಾಗ ಬೇರೆಯೇ ಜನ ಬಂದರು. ಗಾಡಿ ಹೊಡೆಯುವವರು, ಹಮಾಲರು, ಅಂಗಡಿಯವರು, ಮನೆಯ ಹೆಂಗಸರು ಮಕ್ಕಳು. ಮೂಕಿ ಚಿತ್ರಗಳಲ್ಲಿ ಶೀರ್ಷಿಕೆಗಳನ್ನು ಎರಡು ಮೂರು ಭಾಷೆಗಳಲ್ಲಿ ಬರೆಯುತ್ತಿದ್ದರು ನಿಜ. ಓದು ಬಾರದವನಿಗೆ ಮೂರು ಭಾಷೆಯಾದರೇನು, ಮೂವತ್ತಾದರೇನು?

ಆದ್ದರಿಂದ ಚಿತ್ರಮಂದಿರದವರು ಒಬ್ಬನನ್ನು ಸಂಬಳಕ್ಕೆ ಇಟ್ಟುಕೊಂಡರು. ಅವನು ತೆರೆಯ ಪಕ್ಕದಲ್ಲಿ ನಿಲ್ಲುತ್ತಿದ್ದ. ಕೈಯಲ್ಲಿ ತಗಡಿನ ಕಹಳೆಯಂಥ ಮೆಗಾಫೋನು. ಶೀರ್ಷಿಕೆಯನ್ನು ಓದಿ ಹೇಳುವುದು ನೆಪಕ್ಕೆ ಮಾತ್ರ. ರಾಜನ ಮಾತು ರಾಜನ ಗತ್ತಿನಲ್ಲಿ, ರಾಣಿಯ ಅಳು ರಾಣಿಯ ದನಿಯಲ್ಲಿ ಬರಬೇಕು. ಖಳನಾಯಕ ಕತ್ತಿ ಹಿರಿದರೆ ಸಭೆಯೇ ಎದ್ದು ಕೂಗುವಂತಾಗಬೇಕು. ವಿದೇಶದ ಸಾಹಸ ಚಿತ್ರಗಳಲ್ಲಂತೂ ಅವನಿಗೆ ದುಪ್ಪಟ್ಟು ಕೆಲಸ. ಅಮೆರಿಕದ ಕುದುರೆ ಸವಾರನ ಸಂಕಟವನ್ನು ಸೌಕಾರ್‌ಪೇಟೆಯ ಪ್ರೇಕ್ಷಕನ ಸಂಕಟವಾಗಿ ಮಾಡುವುದೆಂದರೆ ಸಾಮಾನ್ಯವೇ! ರೀಲು ಬದಲಾಯಿಸುವ ಬಿಡುವಿನಲ್ಲಿ ಕೆಲವು ಕಡೆ ಕುಸ್ತಿ, ನೃತ್ಯಗಳೂ ನಡೆಯುತ್ತಿದ್ದವು.

ಹರಿಕಥೆ ಕೇಳಿದವರಿಗೆ, ಯಕ್ಷಗಾನ ನೋಡಿದವರಿಗೆ ಇದು ಅಪರಿಚಿತವೆನಿಸದು. ದಾಸರು ಕಥೆಯ ನಡುವೆ ಉಪಕಥೆ ತರುವ ಹಾಗೆ, ಭಾಗವತರು ವೇಷಧಾರಿಯನ್ನು ಮಾತಿಗೆಳೆಯುವ ಹಾಗೆ, ಇವನೂ ಚಿತ್ರಕ್ಕೂ ಜನಕ್ಕೂ ನಡುವೆ ನಿಂತವನು. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ವೇಷಧಾರಿ ಭಾಗವತರಿಗೆ ಮರುಮಾತು ಹೇಳುತ್ತಾನೆ. ತೆರೆಯ ಮೇಲಿನ ಬೊಂಬೆ ಹೇಳುವುದಿಲ್ಲ, ಕಾಯುವುದೂ ಇಲ್ಲ. ಜನ ನಕ್ಕು ಮುಗಿಯುವ ಮೊದಲೇ ಅದು ಮುಂದಿನ ದೃಶ್ಯಕ್ಕೆ ಓಡಿರುತ್ತದೆ.

ಸರ್ಕಾರಕ್ಕೂ ಇವನು ಸ್ವಲ್ಪ ತೊಡಕಿನ ಮನುಷ್ಯನೇ ಆಗಿದ್ದಿರಬೇಕು. 1918ರ ಸಿನಿಮಟೋಗ್ರಾಫ್ ಕಾಯಿದೆಯಂತೆ 1920ರಲ್ಲಿ ಮದರಾಸಿನಲ್ಲಿ ಸೆನ್ಸಾರ್ ಮಂಡಳಿ ಬಂತು. ವಿದುರನ ವೇಷ ಗಾಂಧೀಜಿಯಂತೆ ಕಂಡಿತೆಂದು 1921ರ ‘ಭಕ್ತ ವಿದುರ’ಕ್ಕೆ ಇಲ್ಲಿ ನಿಷೇಧವೂ ಆಯಿತು. ಆದರೆ ಪ್ರಮಾಣಪತ್ರ ಸಿಗುತ್ತಿದ್ದುದು ಫಿಲ್ಮಿಗೆ, ಪಕ್ಕದಲ್ಲಿ ನಿಂತವನ ನಾಲಗೆಗಲ್ಲ! ಜಪಾನಿನವರು ಈ ವಿಷಯದಲ್ಲಿ ಜಾಣರು. ಅಲ್ಲಿ ‘ಬೆನ್‌ಶಿ’ ಎಂದು ಕರೆಯುತ್ತಿದ್ದ ಇಂಥ ಕಥನಕಾರರು ಲೈಸೆನ್ಸ್ ಪಡೆಯಬೇಕೆಂದು ಟೋಕಿಯೋ ಪೊಲೀಸರು 1917ರಲ್ಲೇ ಕಟ್ಟಳೆ ಮಾಡಿದರು. ಅಲ್ಲಿನ ಪ್ರಸಿದ್ಧ ಬೆನ್‌ಶಿಗಳ ಹೆಸರು ನಟರಷ್ಟೇ ದೊಡ್ಡ ಅಕ್ಷರಗಳಲ್ಲಿ ಬರುತ್ತಿತ್ತು. ನಮ್ಮವರಿಗೆ ಆ ಭಾಗ್ಯವಿರಲಿಲ್ಲ. ಮದರಾಸಿನ ವಕೀಲರೇ ಆದ ದಿವಾನ್ ಬಹದ್ದೂರ್ ಟಿ. ರಂಗಾಚಾರಿಯರ್ ಅವರ ಅಧ್ಯಕ್ಷತೆಯಲ್ಲಿ 1927ರಲ್ಲಿ ನೇಮಕವಾದ ಸಿನಿಮಾ ವಿಚಾರಣಾ ಸಮಿತಿಯು ದೇಶವೆಲ್ಲ ತಿರುಗಿ ಸಾಕ್ಷ್ಯ ಕೇಳಿ, ಮಾರನೆಯ ವರ್ಷ ವರದಿ ಕೊಟ್ಟಿತು. ಸಾಕ್ಷ್ಯದ ದಪ್ಪ ಸಂಪುಟಗಳಲ್ಲಿ ಚಿತ್ರಮಂದಿರದ ಮಾಲೀಕರು, ಹಂಚಿಕೆದಾರರು, ಅಧಿಕಾರಿಗಳೆಲ್ಲ ಹೆಸರುಸಹಿತ ಮಾತಾಡುತ್ತಾರೆ. ಕತ್ತಲಲ್ಲಿ ದಿನವೂ ಗಂಟಲು ಹರಿದುಕೊಂಡವನು ಅಲ್ಲಿ ಬರಿಯ ಒಂದು ಹುದ್ದೆ.

1931ರ ಅಕ್ಟೋಬರ್ 31ರಂದು ಜಾರ್ಜ್ ಟೌನಿನ ಕಿನೆಮಾ ಸೆಂಟ್ರಲ್‌ನಲ್ಲಿ ‘ಕಾಳಿದಾಸ’ ತೆರೆ ಕಂಡಿತು. ಎಚ್. ಎಂ. ರೆಡ್ಡಿಯವರು ಬೊಂಬಾಯಿಯಲ್ಲಿ ನಿರ್ದೇಶಿಸಿದ ಮಾತಿನ ಚಿತ್ರ. ಅದರ ಪೆಟ್ಟಿಗೆಯನ್ನು ಜನ ಹೂ ಎರಚಿ ಮೆರವಣಿಗೆಯಲ್ಲಿ ಕರೆತಂದರೆಂದು ಹೇಳುತ್ತಾರೆ. ನಾಯಕಿ ಟಿ. ಪಿ. ರಾಜಲಕ್ಷ್ಮಿ ತಮಿಳಿನಲ್ಲಿ ಕೇಳಿದರೆ ನಾಯಕ ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದನು! ನಮ್ಮ ಕಥನಕಾರನಾಗಿದ್ದರೆ ಈ ಗಲಿಬಿಲಿಯನ್ನು ಒಂದು ನಗೆಚಾಟಿಕೆಯಲ್ಲಿ ಸರಿಪಡಿಸಿಬಿಡುತ್ತಿದ್ದ. ಆದರೆ ಈಗ ತೆರೆಯೇ ಮಾತಾಡುತ್ತಿದ್ದಾಗ ಅವನ ಮಾತು ಯಾರಿಗೆ ಬೇಕು?

ವಿಚಿತ್ರವೆಂದರೆ ನಮ್ಮ ಗುಬ್ಬಿ ವೀರಣ್ಣನವರು ಇದೇ ಹೊತ್ತಿನಲ್ಲಿ, 1931-32ರಲ್ಲಿ, ‘ಹರಿಮಾಯಾ’ ಮೊದಲಾದ ಮೂಕಿ ಚಿತ್ರಗಳನ್ನು ತಯಾರಿಸುತ್ತಿದ್ದರು. ಒಂದು ಮಾತು ಆಡಿ ಇಡೀ ಟೆಂಟನ್ನು ನಗಿಸುತ್ತಿದ್ದವರ ಚಿತ್ರಗಳಿಗೆ ಮಾತೇ ಇಲ್ಲ! 1934ರ ಮಾರ್ಚ್‌ನಲ್ಲಿ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ತೆರೆ ಕಂಡು ಕನ್ನಡವೂ ಮಾತಿನ ಸಾಲಿಗೆ ಸೇರಿತು. ಆ ಚಿತ್ರದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರಿಗೆ ನಾಟಕದ ನಂಟಿತ್ತು, ಹೊಸ ಕಾಲದಲ್ಲಿ ಅವರ ಗಂಟಲಿಗೆ ಬೆಲೆ ಬಂತು. ತೆರೆಯ ಪಕ್ಕದವನ ಗಂಟಲಿಗೆ ಬೆಲೆ ಹೋಯಿತು.

ಜಪಾನಿನಲ್ಲಿ ಬೆನ್‌ಶಿಗಳು ಮುಷ್ಕರ ಹೂಡಿದರು. ಆ ಮುಷ್ಕರದಲ್ಲಿ ಮುಂದಾಳಾಗಿದ್ದ ತರುಣನೊಬ್ಬ 1933ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಅವನು ಮುಂದೆ ಜಗತ್ಪ್ರಸಿದ್ಧ ನಿರ್ದೇಶಕರಾದ ಅಕಿರ ಕುರೊಸಾವರ ಅಣ್ಣ ಹೈಗೊ. ತಮ್ಮನಿಗೆ ಸಿನಿಮಾದ ರುಚಿ ಹತ್ತಿಸಿದವನು ಅವನೇ.

ಟಾಕಿ ಬಂದ ಮೇಲೆ ಈ ಊರಿನಲ್ಲಿ ಇನ್ನೊಂದು ಬದಲಾವಣೆಯೂ ಆಯಿತು. ಅಲ್ಲಿಯವರೆಗೆ ತಮಿಳರು, ತೆಲುಗರು, ಉರ್ದು ಮಾತಿನವರು, ನಮ್ಮವರು ಒಂದೇ ಚಿತ್ರವನ್ನು ಒಂದೇ ಬೆಂಚಿನಲ್ಲಿ ಕುಳಿತು ನೋಡಬಹುದಾಗಿತ್ತು. ಚಿತ್ರಕ್ಕೆ ಭಾಷೆ ಬಂದೊಡನೆ ಪ್ರೇಕ್ಷಕರೂ ಭಾಷೆವಾರು ಹಂಚಿಹೋದರು. ಮುಂದೆ ಕೋಡಂಬಾಕ್ಕಂ ಸ್ಟುಡಿಯೋಗಳಲ್ಲಿ ಕನ್ನಡ ಚಿತ್ರಗಳೂ ತಯಾರಾದವು. ಅವನ್ನು ನಂಬಿ ನಮ್ಮ ಹಲವು ಕುಟುಂಬಗಳು ಇಲ್ಲಿಗೆ ಬಂದದ್ದು ಹಿರಿಯರಿಗೆ ನೆನಪಿರಬಹುದು.

ಗೇಯಿಟಿ ಈಗ ಇಲ್ಲ. ಮುಂದಿನ ಸಲ ಮೌಂಟ್ ರೋಡಿನ ಅಂಚೆ ಕಚೇರಿಗೆ ಹೋದಾಗ ಮಕ್ಕಳಿಗೆ ಆ ಹಳೆಯ ಕಟ್ಟಡವನ್ನಾದರೂ ತೋರಿಸಿ.