ನೆನಪು ಸಾಕ್ಷಿ ಹೇಳಬಲ್ಲದೇ?

ಲಾಲ್‌ಬಾಗ್ ತೋಟಕ್ಕೆ ಅಡಿಪಾಯ ಹಾಕಿದವನು ಹೈದರ್ ಅಲಿ ಎಂದು ನಿಮಗೆ ಗೊತ್ತು. ಮೊದಲ ಸಲ ನೀವು ಅಲ್ಲಿ ಫಲಪುಷ್ಪ ಪ್ರದರ್ಶನ ನೋಡಿದ ದಿನವೂ ನೆನಪಿರಬಹುದು. ಅಲ್ಲಿಂದ ಜಯನಗರಕ್ಕೆ ಸೈಕಲ್ ತುಳಿದು ಬರುವುದೂ ನಿಮಗೆ ಬರುತ್ತದೆ. ಈ ಮೂರನ್ನೂ ನಾವು ‘ನೆನಪು’ ಎಂಬ ಒಂದೇ ಮಾತಿನಿಂದ ಕರೆಯುತ್ತೇವೆ. ಆದರೆ ಮನೋವಿಜ್ಞಾನದ ದೃಷ್ಟಿಯಲ್ಲಿ ಇವು ಮೂರು ಬೇರೆ ಬೇರೆ ಬಗೆಯ ದೀರ್ಘಾವಧಿ ಸ್ಮೃತಿಗಳು. ಈ ವ್ಯತ್ಯಾಸ ತಿಳಿದದ್ದು ಹೇಗೆ? ಅದು ದಕ್ಷಿಣ ಬೆಂಗಳೂರಿನ ಒಂದು ರಸ್ತೆಯ ಮೂಲಕ ಸುಪ್ರೀಂ ಕೋರ್ಟಿನ ಬಾಗಿಲಿಗೆ ಹೋದದ್ದು ಹೇಗೆ? ನೋಡೋಣ.

1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ 27 ವರ್ಷದ ಯುವಕನಿಗೆ ಮೂರ್ಛೆರೋಗ ನಿಲ್ಲಿಸಲೆಂದು ಶಸ್ತ್ರಚಿಕಿತ್ಸೆ ನಡೆಯಿತು. ಮೆದುಳಿನ ಎರಡೂ ಪಾರ್ಶ್ವಗಳಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗವನ್ನು ಬಹುಮಟ್ಟಿಗೆ ತೆಗೆದುಹಾಕಲಾಯಿತು. ಮೂರ್ಛೆ ಕಡಿಮೆಯಾಯಿತು. ಆದರೆ ಅಂದಿನಿಂದ ಆತನಲ್ಲಿ ಹೊಸ ಘಟನೆಗಳ ನೆನಪು ನಿಲ್ಲಲಿಲ್ಲ. ಬಾಲ್ಯದ ನೆನಪುಗಳು ಉಳಿದಿದ್ದವು. ಆಗತಾನೇ ಮಾತನಾಡಿಸಿ ಹೋದವರು ಮತ್ತೆ ಬಂದರೆ ಅಪರಿಚಿತರಾಗಿರುತ್ತಿದ್ದರು. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಆತನಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಚಿತ್ರ ಬರೆಯುವ ಕೆಲಸ ಕೊಟ್ಟರು. ಮೂರು ದಿನಗಳಲ್ಲಿ ಅವನ ಕೈ ಪಳಗಿತು. ವಿಚಿತ್ರವೆಂದರೆ, ಆ ಕೆಲಸವನ್ನು ಹಿಂದೆಂದಾದರೂ ಮಾಡಿದ್ದೇನೆಂಬುದೇ ಅವನಿಗೆ ನೆನಪಿರಲಿಲ್ಲ! ಘಟನೆ ಮರೆತಿತ್ತು, ಕೌಶಲ ಉಳಿದಿತ್ತು. ಅಂದರೆ ಕೌಶಲ ಸ್ಮೃತಿಗೆ ಮೆದುಳಿನಲ್ಲಿ ಬೇರೆಯೇ ದಾರಿಯಿದೆ ಎಂದಾಯಿತು.

1972ರಲ್ಲಿ ಎಂಡೆಲ್ ಟುಲ್ವಿಂಗ್ ಇನ್ನೊಂದು ಗೆರೆ ಎಳೆದರು. ಹೈದರ್ ಅಲಿಯ ಬಗ್ಗೆ ನಿಮಗಿರುವುದು ತಿಳಿವಿನ ಸ್ಮೃತಿ. ಅದನ್ನು ಎಂದು, ಎಲ್ಲಿ ಕಲಿತಿರೆಂಬುದು ಬೇಕಿಲ್ಲ. ಪ್ರದರ್ಶನ ನೋಡಿದ ದಿನದ್ದು ಘಟನಾ ಸ್ಮೃತಿ. ಅದರಲ್ಲಿ ‘ನಾನು ಅಲ್ಲಿದ್ದೆ’ ಎಂಬ ಅನುಭವವಿದೆ. ‘ಗೊತ್ತಿದೆ’ ಎನ್ನುವುದಕ್ಕೂ ‘ನೆನಪಿದೆ’ ಎನ್ನುವುದಕ್ಕೂ ಇರುವ ಅಂತರ ಇದೇ.

ಈಗ ನಮ್ಮ ಊರಿಗೆ ಬನ್ನಿ. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಅದರ ಮುಂದೆ ಅದೇ ದಿಕ್ಕಿನಲ್ಲಿ, ಬಿ.ಟಿ.ಎಂ. ಬಡಾವಣೆಯ ಹೆಸರಿನಲ್ಲಿ ‘ಎಂ’ ಅಕ್ಷರವಾಗಿ ಕುಳಿತಿರುವ ಮಡಿವಾಳದಲ್ಲಿ, ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯವಿದೆ. 2000ದ ದಶಕದಲ್ಲಿ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಎಂದರೆ ಬೇರೆ ರಾಜ್ಯಗಳ ಪೊಲೀಸರೂ ಆರೋಪಿಗಳನ್ನು ಬೆಂಗಳೂರಿಗೆ ಕರೆತರುತ್ತಿದ್ದರು. ಮಂಪರು ಪರೀಕ್ಷೆಯಲ್ಲಿ ಸೋಡಿಯಂ ಪೆಂಟೊಥಾಲ್‌ನಂಥ ಔಷಧಿ ಕೊಟ್ಟು, ಅರೆಪ್ರಜ್ಞೆಯಲ್ಲಿರುವವನನ್ನು ಪ್ರಶ್ನಿಸುತ್ತಾರೆ.

ನಿಮ್ಹಾನ್ಸ್‌ನ ಚಿಕಿತ್ಸಕ ಮನೋವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದ ಸಿ. ಆರ್. ಮುಕುಂದನ್ ಇನ್ನೊಂದು ವಿಧಾನ ರೂಪಿಸಿದರು. ತಲೆಗೆ ವಿದ್ಯುದಾಗ್ರಗಳನ್ನು ಜೋಡಿಸಿ, ಅಪರಾಧದ ಬಗೆಗಿನ ಚಿಕ್ಕ ವಾಕ್ಯಗಳನ್ನು ಕೇಳಿಸುವುದು. ಆರೋಪಿ ಬಾಯಿ ಬಿಡಬೇಕಾಗಿಲ್ಲ. ಕೃತ್ಯವನ್ನು ಸ್ವತಃ ಅನುಭವಿಸಿದವನ ಮೆದುಳಿನ ವಿದ್ಯುತ್ ತರಂಗಗಳು, ಅದನ್ನು ಕೇವಲ ಕೇಳಿ ತಿಳಿದವನ ತರಂಗಗಳಿಗಿಂತ ಬೇರೆಯಾಗಿರುತ್ತವೆ ಎಂಬುದು ಅದರ ಪ್ರತಿಪಾದನೆ. ಗಮನಿಸಿದಿರಾ? ಟುಲ್ವಿಂಗ್ ಎಳೆದ ಗೆರೆಯೇ ಇಲ್ಲಿ ಅಪರಾಧಿ-ನಿರಪರಾಧಿಗಳ ನಡುವಿನ ಗೆರೆಯಾಗಿಬಿಟ್ಟಿತು!

ಆದರೆ ಆ ಗೆರೆ ಅಷ್ಟು ಸ್ಪಷ್ಟವೇ? ನಮ್ಮ ದೂರದರ್ಶನದ ಟೇಪಿನಲ್ಲಿ ಮುದ್ರಿತವಾದ ದೃಶ್ಯವನ್ನು ಎಷ್ಟು ಸಲ ಹಾಕಿದರೂ ಅದೇ ದೃಶ್ಯ ಬರುತ್ತಿತ್ತು. ನೆನಪು ಹಾಗಲ್ಲ. ಪ್ರತಿ ಸಲ ನೆನೆದಾಗಲೂ ಮೆದುಳು ಅದನ್ನು ಹೊಸದಾಗಿ ಕಟ್ಟುತ್ತದೆ ಎಂದು ಇಂಗ್ಲೆಂಡಿನ ಬಾರ್ಟ್‌ಲೆಟ್ 1932ರಲ್ಲೇ ತೋರಿಸಿದ್ದರು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿದರು. ‘ಕಾರುಗಳು ತಾಗಿದಾಗ ವೇಗವೆಷ್ಟು?’ ಎಂದು ಕೆಲವರನ್ನೂ, ‘ಅಪ್ಪಳಿಸಿದಾಗ ವೇಗವೆಷ್ಟು?’ ಎಂದು ಇನ್ನು ಕೆಲವರನ್ನೂ ಕೇಳಿದರು. ಎರಡನೆಯ ಗುಂಪು ಹೆಚ್ಚು ವೇಗ ಹೇಳಿತು. ವಾರದ ನಂತರ, ಚಿತ್ರದಲ್ಲಿ ಇಲ್ಲದ ಒಡೆದ ಗಾಜನ್ನು ಕಂಡೆವೆಂದವರೂ ಆ ಗುಂಪಿನಲ್ಲೇ ಹೆಚ್ಚು. ಪ್ರಶ್ನೆಯ ಒಂದು ಪದವೇ ನೆನಪನ್ನು ತಿದ್ದಿತ್ತು. ಹಾಗಿರುವಾಗ ದಿನಗಟ್ಟಲೆ ವಿಚಾರಣೆ ಎದುರಿಸಿದವನ, ಔಷಧಿಯ ಮಂಪರಿನಲ್ಲಿ ಪರರ ಸೂಚನೆಗೆ ಸುಲಭವಾಗಿ ತಲೆಬಾಗುವವನ ಮಾತಿನಲ್ಲಿ ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಹೇಗೆ ಬೇರ್ಪಡಿಸುವುದು?

2008ರಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆ ಪ್ರಕರಣದಲ್ಲಿ ಶಿಕ್ಷೆ ವಿಧಿಸುವಾಗ ಈ ಮೆದುಳು ಪರೀಕ್ಷೆಯ ವರದಿಯನ್ನೂ ಪರಿಗಣಿಸಿತು. ಅದೇ ವರ್ಷ ನಿಮ್ಹಾನ್ಸ್‌ನ ಅಂದಿನ ನಿರ್ದೇಶಕ ಡಾ. ಡಿ. ನಾಗರಾಜ ಅವರ ಅಧ್ಯಕ್ಷತೆಯ ಸಮಿತಿ, ಇಂಥ ಪರೀಕ್ಷೆಗಳಿಗೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲ, ಸಾಕ್ಷ್ಯವಾಗಿ ಬಳಸಬಾರದು ಎಂದಿತು. ತನ್ನದೇ ವಿಭಾಗದ ಮುಖ್ಯಸ್ಥರಾಗಿದ್ದವರ ವಿಧಾನವನ್ನು ಅದೇ ಸಂಸ್ಥೆಯ ನಿರ್ದೇಶಕರು ಒರೆಗೆ ಹಚ್ಚಿದರು. ವಿಜ್ಞಾನ ನಡೆಯಬೇಕಾದದ್ದು ಹೀಗೆಯೇ.

2010ರ ಮೇ 5ರಂದು ‘ಸೆಲ್ವಿ ಮತ್ತು ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು: ಒಪ್ಪಿಗೆಯಿಲ್ಲದೆ ಯಾರ ಮೇಲೂ ಈ ಮೂರು ಪರೀಕ್ಷೆಗಳನ್ನು ನಡೆಸುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತಪಡಿಸಬಾರದೆನ್ನುವ ಸಂವಿಧಾನದ 20(3)ನೇ ವಿಧಿ ಮನಸ್ಸಿನೊಳಗಿನ ಮೌನಕ್ಕೂ ರಕ್ಷಣೆ ನೀಡಿತು. ಒಪ್ಪಿಗೆಯಿದ್ದರೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಾಗದು. ಅದರ ನೆರವಿನಿಂದ ಮುಂದೆ ಸಿಕ್ಕ ವಸ್ತು ಅಥವಾ ಮಾಹಿತಿಯನ್ನು ಮಾತ್ರ ಕಾನೂನಿನ ಪ್ರಕಾರ ಪರಿಗಣಿಸಬಹುದು. 2025ರ ಜೂನ್‌ನಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ನ್ಯಾಯಾಲಯ ಇದನ್ನೇ ಮತ್ತೆ ಎತ್ತಿಹಿಡಿಯಿತು.

ನಾಳೆ ಯಾವುದಾದರೂ ದೊಡ್ಡ ಅಪರಾಧ ನಡೆದಾಗ ‘ಮಂಪರು ಪರೀಕ್ಷೆ ಮಾಡಿಸಿ, ಸತ್ಯ ತಾನಾಗಿ ಹೊರಬರುತ್ತದೆ’ ಎಂಬ ಕೂಗನ್ನು ನೀವು ಖಂಡಿತ ಕೇಳುತ್ತೀರಿ. ಆಗ ಎರಡು ಪ್ರಶ್ನೆಗಳನ್ನು ಹಾಕಿಕೊಳ್ಳಿ. ಹೊರಬರುವುದು ಅವನು ಕಂಡದ್ದೋ, ಕೇಳಿದ್ದೋ? ಅದನ್ನು ಹೊರಗೆಳೆಯುವ ಹಕ್ಕು ನಮಗಿದೆಯೇ? ಮೊದಲನೆಯದಕ್ಕೆ ಉತ್ತರ ಹುಡುಕುವುದು ವಿಜ್ಞಾನದ ಕೆಲಸ. ಎರಡನೆಯದಕ್ಕೆ ಉತ್ತರ ನಮ್ಮ ಸಂವಿಧಾನದಲ್ಲಿ ಆಗಲೇ ಇದೆ.